ರಟ್ಟಿನ ಹಿಂಬದಿ

ಭಾವನ ಚಟ್ಟ ಹೊತ್ತ ನಾಲ್ವರು ಹೆಗಲು ಬದಲಿಸುತ್ತಿದ್ದಾಗ ಗಡಿಬಿಡಿಯ ಮೂಗಿಗೆ ಆ ವಾಸನೆ ಬಡಿಯಿತು. ಕಾದ ಕಬ್ಬಿಣದ ಮೇಲೆ ಎಣ್ಣೆ ಬಿದ್ದು ಸುಡುವ ವಾಸನೆ. ಹಿಂತಿರುಗಿ ನೋಡಿದ. ಅಕ್ಕನನ್ನೂ ಅವಳ ಮಗಳು, ಮೊಮ್ಮಗಳನ್ನೂ ಕೂರಿಸಿಕೊಂಡು ಅಳಿಯನ ಕಾರು ನಡಿಗೆಯ ವೇಗದಲ್ಲಿ ಹಿಂದೆ ತೆವಳುತ್ತಿತ್ತು.

"ಯಾಕೋ, ಎಡವಿದ್ಯಾ?" ಎಂದ ಪಕ್ಕದಲ್ಲಿ ಹೆಗಲು ಕೊಟ್ಟಿದ್ದ ಬೀಗ ರಿಪೇರಿಯವನು.

"ಇಲ್ಲ."

"ಇವತ್ತೊಂದು ದಿನ ನಿಧಾನಕ್ಕೆ ನಡಿ ಮಾರಾಯ. ಅವನಿಗಂತೂ ಅವಸರ ಇಲ್ಲ."

ಗಡಿಬಿಡಿ ಅನ್ನುವುದು ಗ್ಯಾರೇಜಿನ ಗಿರಾಕಿಗಳು ಇಟ್ಟ ಹೆಸರು. ಇಪ್ಪತ್ತಾರು ವರ್ಷ ಅಕ್ಕನ ಗಂಡನ ಜೊತೆ ಒಂದೇ ಶೆಡ್ಡಿನಲ್ಲಿ ದುಡಿದರೂ ಅದು ಅಳಿಸಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಹಾಗೆ.

ಕಾರಿನ ಕಿಟಕಿಯಿಂದ ಮಗುವಿನ ದನಿ ಬಂತು. "ಅಮ್ಮಾ, ಏನೋ ಸುಡ್ತಿದೆ."

"ಶ್! ಈಗ ಮಾತಾಡಬಾರದು."

ಮಾತಾಡಬೇಕಾದವನು ಗಡಿಬಿಡಿಯೇ. ಅವನೂ ಬಾಯಿ ಬಿಡಲಿಲ್ಲ. ಭಾವನ ಮೇಲೆ ಮೂರು ಹಿಡಿ ಮಣ್ಣು ಹಾಕುವಾಗಲೂ ಅವನ ಕಣ್ಣು ಸ್ಮಶಾನದ ಗೇಟಿನಾಚೆ ನಿಂತ ಕಾರಿನ ಮೇಲೇ ಇತ್ತು.

* * *

ಭಾವನನ್ನು ಊರೆಲ್ಲ ಪೌಡರ್ ಮೇಸ್ತ್ರಿ ಎನ್ನುತ್ತಿತ್ತು. ಎಣ್ಣೆ ಸೋರುವ ಗಾಡಿ ಬಂದರೆ ಅವನು ಇಂಜಿನ್ ತೊಳೆದು ಒರೆಸಿ, ಮುಖಕ್ಕೆ ಹಚ್ಚುವ ಪೌಡರನ್ನು ಮೇಲೆಲ್ಲ ಉದುರಿಸಿ, ಗಾಡಿ ಚಾಲೂ ಮಾಡಿ ಕೈಕಟ್ಟಿ ನಿಲ್ಲುತ್ತಿದ್ದ. ಸೋರುವ ಜಾಗದಿಂದ ಬಿಳಿಯ ಮೇಲೆ ಕಪ್ಪು ಗೆರೆ ಇಳಿಯುತ್ತಿತ್ತು. "ಏನ್ ಮೇಸ್ತ್ರಿ, ಇಂಜಿನ್‌ಗೂ ಮದುಮಗಳ ಸಿಂಗಾರಾನಾ?" ಎಂದು ಜನ ನಗುತ್ತಿದ್ದರು.

"ಎಣ್ಣೆ ಸೋರೋದು ಒಂದು ಕಡೆ, ತೊಟ್ಟಿಕ್ಕೋದು ಇನ್ನೊಂದು ಕಡೆ," ಎನ್ನುತ್ತಿದ್ದ ಭಾವ. "ಕೆಳಗೆ ಒದ್ದೆಯಾಗಿದೆ ಅಂತ ಕೆಳಗೇ ಹುಡುಕ್ಬೇಡ. ಮೇಲಿಂದ ನೋಡು."

ರಿಪೇರಿ ಮುಗಿದ ಮೇಲೂ ಬಿಡುತ್ತಿರಲಿಲ್ಲ. ಗಾಡಿ ಒಂದು ರಾತ್ರಿ ಸ್ವಚ್ಛವಾದ ರಟ್ಟಿನ ಮೇಲೆ ನಿಲ್ಲಬೇಕು. ಬೆಳಿಗ್ಗೆ ರಟ್ಟಿನ ಮೇಲೆ ಒಂದು ಹನಿಯಿದ್ದರೂ ಕೀಲಿಕೈ ಕೊಡುವಂತಿಲ್ಲ.

ಆಸ್ಪತ್ರೆಯವರು ಭಾವನನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಕಳಿಸಿದ ವಾರದಲ್ಲೇ ಅಳಿಯ ಬಂದ. ಹೊಸದಾಗಿ ಕೊಂಡ ಹಳೇ ಕಾರು, ನಿಂತಲ್ಲೆಲ್ಲ ಎಣ್ಣೆ. ಗಡಿಬಿಡಿ ಅಡಿಗೆ ನುಸುಳಿ ನೋಡಿದ. ಎಣ್ಣೆ ತುಂಬಿರುವ ಕೆಳಗಿನ ಚೇಂಬರ್ ಒದ್ದೆಯಾಗಿತ್ತು. ಅದರ ಸಂದಿ ಮುಚ್ಚುವ ಪ್ಯಾಕಿಂಗ್ ಬದಲಿಸಿ ಅವತ್ತೇ ಸಂಜೆ ಕೀಲಿಕೈ ಕೊಟ್ಟ. ಪೌಡರೂ ಇಲ್ಲ, ರಟ್ಟೂ ಇಲ್ಲ.

ಮರುದಿನ ಹಾಸಿಗೆಯಿಂದಲೇ ಭಾವ ಕೇಳಿದ. "ಅಳಿಯನ ಗಾಡಿ ರಟ್ಟು ತೋರ್ಸೋ."

ಗಡಿಬಿಡಿ ಶೆಡ್ಡಿಗೆ ಓಡಿ ಹಳೇ ರಟ್ಟುಗಳ ರಾಶಿಯಿಂದ ಸ್ವಚ್ಛವಾದದ್ದೊಂದನ್ನು ಎಳೆದು ತಂದ. ಸಾಯುವವನಿಗೆ ಇಲ್ಲದ ಚಿಂತೆ ಯಾಕೆ ಎಂದುಕೊಂಡ. ಅದು ಅರ್ಧ ನಿಜ. ಉಳಿದರ್ಧ, ಜನ್ಮದಲ್ಲಿ ಒಂದು ಕೆಲಸವನ್ನಾದರೂ ಭಾವನನ್ನು ಕೇಳದೆ ಮುಗಿಸಿದೆನೆಂಬ ಹಮ್ಮು.

ಭಾವ ರಟ್ಟನ್ನು ಎದೆಯ ಮೇಲಿಟ್ಟುಕೊಂಡು ನೋಡಿದ.

"ಒಂದು ಹನೀನೂ ಇಲ್ಲ."

"ಇಲ್ಲ ಭಾವ."

"ಮೇಲಿಂದ ನೋಡ್ದ್ಯಾ?"

"ನೋಡ್ದೆ."

"ಆಯ್ತು. ಇದು ಇಲ್ಲೇ ಇರ್ಲಿ."

ಅವತ್ತು ಸಂಜೆಯೇ ಭಾವನಿಗೆ ಎಚ್ಚರ ತಪ್ಪಿತು. ಮತ್ತೆ ಕಣ್ಣು ಬಿಡಲಿಲ್ಲ.

* * *

ಮಣ್ಣು ಮಾಡಿ ಮನೆಗೆ ಬಂದಾಗ ಮೂರು ಗಂಟೆ. ಗಡಿಬಿಡಿ ಚಪ್ಪಲಿ ಸರಿಮಾಡುವವನಂತೆ ಬಗ್ಗಿ ಕಾರಿನ ಅಡಿ ನೋಡಿದ. ನೆಲದ ಮೇಲೆ ಮೂರು ಹನಿ. ನೋಡುತ್ತಿದ್ದಂತೆ ನಾಲ್ಕನೆಯದು ಬಿತ್ತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಕಾಲಿನಿಂದ ಮಣ್ಣು ಎಳೆದು ಮುಚ್ಚಿದ. ಮುಚ್ಚಿದ ಕಾಲನ್ನು ಕಡಿದು ಹಾಕಬೇಕೆನಿಸಿತು.

"ಮಾಮ, ನಾವು ಹೊರಡ್ತೀವಿ," ಅಳಿಯ ಡಿಕ್ಕಿಗೆ ಚೀಲ ಇಡುತ್ತ ಹೇಳಿದ. "ಕತ್ತಲಾಗೋ ಮುಂಚೆ ಗುಡ್ಡ ಹತ್ತಿ ಇಳೀಬೇಕು. ಅತ್ತೇನೂ ಕರ್ಕೊಂಡು ಹೋಗ್ತಿದೀವಿ, ಸ್ವಲ್ಪ ದಿನ ನಮ್ಮಲ್ಲೇ ಇರ್ಲಿ."

"ನಾಳೆ ಹೋದ್ರೆ ಆಗಲ್ವಾ?"

"ನಾಳೆ ಡ್ಯೂಟಿ ಇದೆ ಮಾಮ. ಗಾಡಿದೇನು ಚಿಂತೆ? ನಿಮ್ಮ ಕೈ ಬಿದ್ದಿದೆಯಲ್ಲ. ಸ್ವಲ್ಪ ವಾಸನೆ ಬರತ್ತೆ. ಹೊಸ ಪ್ಯಾಕಿಂಗ್‌ಗೆ ಎರಡು ದಿನ ಹಾಗೇ ಅಲ್ವಾ?"

"ಹೂಂ," ಎಂದ ಗಡಿಬಿಡಿ. "ಹಾಗೇ."

ಹನ್ನೊಂದು ಕಿಲೋಮೀಟರ್ ಏರು ಆ ಗುಡ್ಡ. ಬರೀ ನಡಿಗೆಯ ವೇಗಕ್ಕೇ ಸುಡುವ ಎಣ್ಣೆ, ಅಲ್ಲಿ ಕೆಂಪಗೆ ಕಾದ ಸೈಲೆನ್ಸರ್ ಕೊಳವೆಯ ಮೇಲೆ ಬಿದ್ದರೆ ಬೆಂಕಿಯೇ ಹೊತ್ತಿಕೊಳ್ಳುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮಗು ಹಿಂದಿನ ಸೀಟಿನಲ್ಲಿ ಆಗಲೇ ಹತ್ತಿ ಕೂತು ಕಿಟಕಿ ಗಾಜಿಗೆ ಮೂಗು ಒತ್ತಿ ಅವನನ್ನು ನೋಡಿ ನಕ್ಕಿತು. ಹೇಳಿಬಿಡಬೇಕು. ಹೇಳಿದರೆ ಸಾಯುವವನ ಮುಂದೆ ಸುಳ್ಳು ಹೇಳಿದ ಮನುಷ್ಯ ಅನ್ನಿಸಿಕೊಂಡು ಅಕ್ಕನ ಮುಖ ನೋಡಬೇಕು.

ಅಕ್ಕ ಒಳಗಿಂದ ಬಂದಳು. ಕೈಯಲ್ಲಿ ರಟ್ಟು.

"ಹಾಸಿಗೆ ಸುತ್ತುವಾಗ ಸಿಕ್ತು ಕಣೋ. ಅವತ್ತು ಪೆನ್ಸಿಲ್ ಕೇಳಿ ಏನೋ ಬರೆದು, ಅವನಿಗೆ ಕೊಡು ಅಂದಿದ್ರು. ಆಮೇಲೆ ಹಾಗಾಯ್ತಲ್ಲ, ಮರೆತೇಬಿಟ್ಟೆ."

ಗಡಿಬಿಡಿ ರಟ್ಟನ್ನು ತಿರುಗಿಸಿದ. ಹಿಂಬದಿಯಲ್ಲಿ ಗಾಡಿ ನಂಬರು, ತಾರೀಖು ಬರೆದಿಡುವುದು ಭಾವನ ಪದ್ಧತಿ. ಅದು ಅವನಿಗೆ ಗೊತ್ತಿದ್ದದ್ದೇ. ಅವಸರದಲ್ಲಿ ತಿರುಗಿಸಿ ನೋಡಿರಲಿಲ್ಲ. ದುಂಡನೆಯ ಅಕ್ಷರದಲ್ಲಿ ಟೈಲರನ ಹಳೇ ಕಾರಿನ ನಂಬರಿತ್ತು, ಹೋದ ವರ್ಷದ ತಾರೀಖಿತ್ತು. ಅದರ ಕೆಳಗೆ ಇರುವೆ ಹರಿದಂತೆ ನಡುಗಿದ ಮೂರು ಸಾಲು:

ಇದು ಟೈಲರ್ ಗಾಡಿದು.
ಅಳಿಯಂದು ಮತ್ತೆ ಮೇಲಿಂದ ನೋಡು.
ನಾನು ಯಾರಿಗೂ ಹೇಳಲ್ಲ.

ಮಾತು ಕೊಟ್ಟಿದ್ದ, ಉಳಿಸಿಕೊಂಡು ಹೋಗಿದ್ದ. ಬೈದಿದ್ದರೆ ಎಷ್ಟೋ ವಾಸಿ ಎನಿಸಿತು ಗಡಿಬಿಡಿಗೆ. ಅವನಿಗೆ ಅಲ್ಲೇ ಕೂತು ಬಿಕ್ಕಿ ಅಳಬೇಕೆನಿಸಿತು.

ಅಷ್ಟರಲ್ಲಿ ಬಾಗಿಲುಗಳು ಬಡಿದ ಸದ್ದು, ಇಂಜಿನ್ ಚಾಲೂ ಆದ ಸದ್ದು. ಅಕ್ಕ ಮುಂದಿನ ಸೀಟಿನಿಂದ ಕೈ ಬೀಸಿದಳು. ಕಾರು ಕದಲಿತು.

ಗಡಿಬಿಡಿ ಓಡಿಹೋಗಿ ಬಾನೆಟ್ ಮೇಲೆ ಎರಡೂ ಕೈ ಊರಿ ನಿಂತ. ಅಳಿಯ ಗಕ್ಕನೆ ಬ್ರೇಕ್ ಹಾಕಿದ.

"ಇಳೀರಿ! ಎಲ್ರೂ ಇಳೀರಿ! ಮೊದ್ಲು ಮಗೂನ ಇಳಿಸಿ!"

"ಮಾಮ, ಏನಾಯ್ತು?"

"ನಾನು ಸರಿಯಾಗಿ ನೋಡೇ ಇಲ್ಲ. ರಟ್ಟು ಇಟ್ಟೇ ಇಲ್ಲ. ಭಾವಂಗೆ ಬೇರೆ ಯಾರದೋ ರಟ್ಟು ತೋರಿಸ್ದೆ. ನಿಂಗೂ ಈಗ ಸುಳ್ಳು ಹೇಳ್ದೆ."

ಬಾನೆಟ್ ಎತ್ತಿದ್ದೇ ತಡ, ಹೊಗೆ ಮುಖಕ್ಕೆ ರಾಚಿತು. ಇಂಜಿನ್ನಿನ ತಲೆಯ ಮೇಲಿನ ಮುಚ್ಚಳದ ಹಿಂಬದಿಯೆಲ್ಲ ಕಪ್ಪಗೆ ಮಿರುಗುತ್ತಿತ್ತು. ಪಕ್ಕದ ವೈರುಗಳ ಹೊದಿಕೆ ಕರಗಿ, ಒಳಗಿನ ತಾಮ್ರ ಕಾಣುತ್ತಿತ್ತು. ಅಳಿಯ ಮಗುವನ್ನು ಎತ್ತಿಕೊಂಡು ದೂರ ನಿಂತ.

ಅಕ್ಕ ಹತ್ತಿರ ಬಂದಳು. "ಅವರಿಗೆ ಗೊತ್ತಿತ್ತಾ?"

ಗಡಿಬಿಡಿ ರಟ್ಟು ಕೊಟ್ಟ. ಅವಳು ದೂರ ಹಿಡಿದು ಓದಿದಳು, ಇನ್ನೊಮ್ಮೆ ಓದಿದಳು. ಬೈಯಲಿಲ್ಲ. ಒಳಗೆ ಹೋಗಿ ಗಂಡನ ಪೌಡರ್ ಡಬ್ಬಿ ತಂದು ತಮ್ಮನ ಕೈಗೆ ತುರುಕಿದಳು.

ಇಂಜಿನ್ ತಣಿಯುವವರೆಗೆ ಕಾದು, ತೊಳೆದು, ಒರೆಸಿ, ಪೌಡರ್ ಉದುರಿಸಿದ. ಅಳಿಯ ಚಾಲೂ ಮಾಡಿದ. ಐದೇ ನಿಮಿಷ. ಮೇಲಿನ ಮುಚ್ಚಳದ ಹಿಂದಿನ ಮೂಲೆಯಿಂದ ಸಣ್ಣ ಕಪ್ಪು ಗೆರೆಯೊಂದು ನೆಟ್ಟಗೆ ಕೊಳವೆಯ ಕಡೆಗೆ ಇಳಿಯಿತು.

ಮುಚ್ಚಳ ಬಿಚ್ಚಿ ಹೊಸ ಪ್ಯಾಕಿಂಗ್ ಕೂರಿಸಿ, ಒಂದೊಂದೇ ಬೋಲ್ಟನ್ನು ಎದುರುಬದುರಾಗಿ ಬಿಗಿದು, ವೈರುಗಳಿಗೆ ಹೊಸ ಹೊದಿಕೆ ಹಾಕುವಷ್ಟರಲ್ಲಿ ಸಂಜೆಯಾಯಿತು. ಅಳಿಯ ಡಿಕ್ಕಿಯಿಂದ ಚೀಲಗಳನ್ನು ಇಳಿಸಿ ಮನೆಯೊಳಗಿಟ್ಟ. ಶೆಡ್ಡಿನಿಂದ ಸ್ವಚ್ಛವಾದ ರಟ್ಟು ತಂದ ಗಡಿಬಿಡಿ ಹಿಂಬದಿಯಲ್ಲಿ ನಂಬರು ಬರೆಯಲು ಹೋದ. ಮೊದಲ ಅಕ್ಷರವನ್ನೇ ತಪ್ಪು ಬರೆದು ಹೊಡೆದುಹಾಕಿದ. ಅಕ್ಕ ಪೆನ್ಸಿಲ್ ಕಸಿದುಕೊಂಡಳು.

"ನಂಬರ್ ಹೇಳು."

ಹೇಳಿದ. ಬರೆದಳು.

"ತಾರೀಖು?"

ಅದು ಭಾವನನ್ನು ಮಣ್ಣು ಮಾಡಿದ ತಾರೀಖು. ಅವಳೇ ಬರೆದಳು.

ರಟ್ಟನ್ನು ಕಾರಿನ ಅಡಿಗೆ ತಳ್ಳಿ ಗಡಿಬಿಡಿ ಅದರ ಪಕ್ಕ ಬರೀ ನೆಲದ ಮೇಲೆ ಕೂತ. ಬೀಗ ರಿಪೇರಿಯವನು ಬಂದು ಕರೆದ, ಮಗು ಬಂದು ಕರೆಯಿತು, ಒಳಗಿಂದ ಅಕ್ಕ ಎರಡು ಸಲ ಊಟಕ್ಕೆ ಕರೆದಳು. ಅವನು ಏಳಲಿಲ್ಲ.