ಒಗೆಯದ ರವಿಕೆ

"ಎಲ್ಲೇ ರಕ್ತ? ತೋರ್ಸು! ಹಾಲಲ್ಲಿ ಅದ್ದಿ ತೆಗೆದ ಹಾಗಿದೆ ರವಿಕೆ. ಮುಂಡೇದು, ಗಂಡನ ಮೇಲೆ ಕಂಪ್ಲೇಂಟ್ ಕೊಡೋಕೆ ಬಂದಿದಾಳೆ!"

ಪೇದೆ ನನ್ನ ರವಿಕೆಯನ್ನು ಲಾಠಿಯ ತುದಿಗೆ ಸಿಕ್ಕಿಸಿ ಗಾಳಿಯಲ್ಲಿ ಆಡಿಸಿದ. ಅವನು ಕರೆಸಿದ್ದ ನನ್ನ ಗಂಡ ಪಕ್ಕದ ಕುರ್ಚಿಯಲ್ಲಿ ಕೂತು ಠಾಣೆಯ ಟೀ ಹೀರುತ್ತಿದ್ದ.

ನಾನು ಆಸ್ಪತ್ರೆಯ ಬಟ್ಟೆ ಒಗೆಯುವವಳು. ರಕ್ತ ಕಂಡರೆ ಸಾಕು, ಕೈ ತಾನಾಗಿ ತಣ್ಣೀರಿಗೆ ಹೋಗುತ್ತದೆ. ಮದುವೆಯಾದಾಗಿನಿಂದ ಅವನು ಹರಿಸಿದ್ದನ್ನೆಲ್ಲ ನಾನೇ ಉಜ್ಜಿ, ಹಿಂಡಿ, ಒಣಗಿಸಿ, ಮಡಿಚಿಟ್ಟಿದ್ದೆ. ಠಾಣೆಗೆ ಕೊಳಕು ಬಟ್ಟೆ ಒಯ್ಯುವುದು ಹೇಗೆ ಅಂತ, ಸಾಕ್ಷಿಯ ರವಿಕೆಯನ್ನೂ ಒಗೆದೇ ತಂದಿದ್ದೆ.

"ಮೂಗಿಂದ ಸುರೀತು ಸಾರ್..."

"ಬಿಸಿಲಿಗೆ ಸುರಿದಿರುತ್ತೆ, ಹೋಗೇ." ಗಂಡನ ಕಡೆ ತಿರುಗಿದ. "ಕರ್ಕೊಂಡ್ ಹೋಗಪ್ಪ. ಸ್ವಲ್ಪ ಬಿಗಿಯಾಗಿ ಇಟ್ಕೋ."

ಮನೆಯ ಹೊಸ್ತಿಲು ದಾಟುವ ಮೊದಲೇ ಗಂಡ ನನ್ನ ಜುಟ್ಟು ಹಿಡಿದ.

ಅಜ್ಜಿಯ ಕತೆಗಳಲ್ಲಿ ರಾಕ್ಷಸನಿಗೆ ಕೋರೆಹಲ್ಲಿರುತ್ತಿತ್ತು. ಅವನು ಬರುವ ಮೊದಲೇ ಕಾಡು ನಡುಗುತ್ತಿತ್ತು. ಇವನೋ ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದ. ಹೊಡೆದ ಮೇಲೆ ಅಳುತ್ತಿದ್ದ, ಊಟ ಮಾಡು ಅನ್ನುತ್ತಿದ್ದ. ನನ್ನ ಕೂಲಿ ಕಸಿಯುವುದು, ಅಮ್ಮನಿಗೆ ಫೋನ್ ಮಾಡಿದರೆ ಫೋನ್ ಕಿತ್ತುಕೊಳ್ಳುವುದು, ಇದನ್ನೆಲ್ಲ ನಾನು ಸಂಸಾರ ಅಂದುಕೊಂಡಿದ್ದೆ.

ಬೆಳಿಗ್ಗೆ ಕೆಲಸದ ತೊಟ್ಟಿಯ ಬಳಿ, ಆಸ್ಪತ್ರೆಯ ಹಾಸುಗಳ ಜೊತೆ, ಮತ್ತೆ ರಕ್ತದಲ್ಲಿ ತೊಯ್ದಿದ್ದ ನನ್ನ ರವಿಕೆಯನ್ನೂ ನೀರಿಗಿಳಿಸಲು ಹೋದೆ. ನಮ್ಮಲ್ಲೆಲ್ಲ ಹಿರಿಯಳಾದ ದೊಡ್ಡಕ್ಕ ಮಣಿಕಟ್ಟು ಹಿಡಿದಳು.

"ಮುಳುಗಿಸ್ಬೇಡ್ವೇ ಪೆದ್ದಿ! ಆ ಬೋಳಿಮಗನ ಕೈ ತೊಳೆದು ಕೊಡೋದು ನಿನ್ನ ಕೆಲ್ಸಾನಾ?"

"ಜನ ಏನಂತಾರೆ, ದೊಡ್ಡಕ್ಕಾ?"

"ಅನ್ನೋ ಬಾಯಿಗೆ ಸೋಪು ಹಾಕಿ ಉಜ್ತೀನಿ. ನಡಿ."

ಮೊದಲು ಮೇಲಿನ ಮಹಡಿಗೆ ಕರೆದೊಯ್ದಳು. ಡಾಕ್ಟರಮ್ಮ ಒಂದೊಂದು ಗಾಯವನ್ನೂ ನೋಡಿ ಬರೆದರು. ಅಲ್ಲಿಂದ ಕೋರ್ಟಿನ ಹಿಂದಿನ ಕೋಣೆಗೆ. ಅಲ್ಲಿ ಕೂರುವ ವಕೀಲಮ್ಮ ನಮ್ಮಂಥವರ ಹತ್ತಿರ ಫೀಸು ಕೇಳುವುದಿಲ್ಲ.

"ಹೊಡೆಯೋದು ಮಾತ್ರ ಅಲ್ಲ, ಕೂಲಿ ಕಸಿಯೋದೂ ಹಿಂಸೆನೇ. ಫೋನ್ ಕಿತ್ಕೊಳ್ಳೋದೂ. ಅವನು ಹತ್ರ ಸುಳಿಯದ ಹಾಗೆ ಕೋರ್ಟಿಂದ ಆದೇಶ ಕೇಳೋಣ. ಇವತ್ತಿಂದ ಆಸರೆ ಮನೆಲಿ ಇರಿ. ಎಲ್ಲಿದೀನಿ ಅಂತ ಅವನ ಕಡೆಯವರಿಗೆ ಹೇಳ್ಬೇಡಿ."

'ಇರಿ' ಅಂದರು. ಹಿಂದೆ ಇನ್ಯಾರಾದರೂ ಇದ್ದಾರೇನೋ ಅಂತ ತಿರುಗಿ ನೋಡಿದೆ.

ಆಸರೆ ಮನೆಯ ಕೋಣೆಯಲ್ಲಿ ಚಿಲಕ ಒಳಗಡೆ ಇತ್ತು. ಹಾಕಿದೆ. ತೆಗೆದೆ. ಮತ್ತೆ ಹಾಕಿದೆ.

ಮರುದಿನ ಅದೇ ಠಾಣೆ, ಅದೇ ಪೇದೆ. ನನ್ನ ಪಕ್ಕದಲ್ಲಿ ವಕೀಲಮ್ಮ, ಬಾಗಿಲಿಗೆ ಅಡ್ಡ ದೊಡ್ಡಕ್ಕ.

"ಮತ್ತೆ ಬಂದ್ಯೇನೇ?"

ರವಿಕೆಯನ್ನು ಅವನ ಮೇಜಿನ ಮೇಲೆ ಹರಡಿದೆ. ಕೊರಳಿಂದ ಸೊಂಟದವರೆಗೂ ಒಣಗಿ ಗಡುಸಾದ ಕಂದು ಕಲೆ. ಅವನು ಟೀ ಲೋಟ ಎತ್ತಿಕೊಂಡು ಹಿಂದೆ ಸರಿದ.

"ಥೂ! ಒಗೆದು ತರೋಕೇನೇ ರೋಗ ನಿಂಗೆ?"

"ಒಗೆಯಲ್ಲ," ಎಂದೆ. "ಬರ್ಕೋ."