ಹಿಮ್ಮಡಿಯ ಪಾಠ

ಕಾರು ನಿಂತಿತು, ಎಂಜಿನ್ ನಿಲ್ಲಲಿಲ್ಲ. ನಿಲ್ಲುವುದಿರಲಿ, ಮೈದಾನದ ಆಚೆ ತುದಿಯವರೂ ತಿರುಗಿ ನೋಡುವ ಹಾಗೆ ಗರ್ಜಿಸಿತು. ಪಕ್ಕದಲ್ಲಿ ಕೂತಿದ್ದ ಲೈಸೆನ್ಸ್ ಇನ್‌ಸ್ಪೆಕ್ಟರ್ ತೊಡೆಯ ಮೇಲಿನ ಹಾಳೆಯಲ್ಲಿ ಒಂದು ಗೀಟು ಎಳೆದರು.

"ಯಾಕಮ್ಮ, ರೇಸಿಗೆ ಹೊರಟಿದೀಯಾ?"

"ಇಲ್ಲ ಸಾರ್," ಎಂದಳು ಸ್ಟೀರಿಂಗ್ ಹಿಡಿದಿದ್ದ ಹುಡುಗಿ.

ಅವಳು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ನಾಲ್ಕು ವರ್ಷ ಆವಿಯಲ್ಲಿ ಬೆಂದಿದ್ದಳು. "ಇವತ್ತು ಪಾಸಾದರೆ ನಾಳೆಯಿಂದ ಬಟ್ಟೆ ವ್ಯಾನು ನಿನ್ನದು. ಇಲ್ಲಾಂದ್ರೆ ಇಸ್ತ್ರಿಪೆಟ್ಟಿಗೆ ಕಾಯ್ತಾ ಇರುತ್ತೆ," ಎಂದಿದ್ದರು ಯಜಮಾನಿ.

ತಪ್ಪು ಅವಳದಲ್ಲ; ಕಾರು ಸರಿಹೋದದ್ದೇ ತಪ್ಪು. ಡ್ರೈವಿಂಗ್ ಸ್ಕೂಲಿನ ಆ ಕಾರಿನ ಎಂಜಿನ್ನಿನಲ್ಲಿ ಸೊಲೆನಾಯ್ಡ್ ವಾಲ್ವ್ ಎಂಬ ಹೆಬ್ಬೆರಳು ಗಾತ್ರದ ಒಂದು ವಸ್ತು ಕೆಟ್ಟು ಹತ್ತು ವರ್ಷವಾಗಿತ್ತು. ಅಕ್ಸಿಲರೇಟರಿನಿಂದ ಕಾಲು ತೆಗೆದಾಗ ಎಂಜಿನ್ ಜೀವ ಹಿಡಿದುಕೊಂಡಿರಲು ಬೇಕಾದಷ್ಟು ಗಾಳಿ ಬಿಡುವುದು ಅದರ ಕೆಲಸ. ಅದು ಬಿಡುತ್ತಿರಲಿಲ್ಲ; ಕಾಲು ತೆಗೆದರೆ ಸಾಕು, ಕಾರು ನಡುಗಿ, ಬಿಕ್ಕಿ, ಪ್ರಾಣ ಬಿಡುತ್ತಿತ್ತು. ಕಾರು ಕೆಟ್ಟಿದೆ ಎಂದು ಸ್ಕೂಲಿನ ಮೇಷ್ಟ್ರು ಮಾತ್ರ ಯಾರೆದುರೂ ಬಾಯಿಬಿಟ್ಟವರಲ್ಲ. "ಬಲಗಾಲಿನ ಬೆರಳು ಬ್ರೇಕಿಗೆ, ಹಿಮ್ಮಡಿ ಅಕ್ಸಿಲರೇಟರಿಗೆ. ನಿಂತಾಗಲೂ ಸ್ವಲ್ಪ ಒತ್ತಿಕೊಂಡೇ ಇರಬೇಕು. ಇದಕ್ಕೇ ಡ್ರೈವಿಂಗ್ ಅನ್ನೋದು," ಎಂದು ಊರಿಗೆ ಊರೇ ಕಲಿಯುವಂತೆ ಮಾಡಿದ್ದರು. ನಿನ್ನೆ ಏನನ್ನಿಸಿತೋ, ಪಾಪ, ಈ ಹುಡುಗಿಗಾದರೂ ಒಂದೇ ಸಲಕ್ಕೆ ಆಗಲಿ ಎಂದು ಹೊಸ ವಾಲ್ವ್ ಹಾಕಿಸಿದ್ದರು. ಅವಳ ಹಿಮ್ಮಡಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ಕಾರು ನಿಲ್ಲಿಸಬೇಕಾದ ಎರಡನೆಯ ಗೆರೆಯಲ್ಲಿ ಗಾಬರಿಗೆ ಕಾಲಿಂದ ಕ್ಲಚ್ಚೂ ಜಾರಿತು. ಕಾರು ಗರ್ಜಿಸಿ, ಜಿಗಿದು, ಗೆರೆ ದಾಟಿತು. ಇನ್ನೊಂದು ಗೀಟು.

"ಮೂರು ಗೀಟು ಬಿದ್ದರೆ ಇಳಿದು ಮನೆಗೆ ಹೋಗೋದೇ," ಎಂದರು ಇನ್‌ಸ್ಪೆಕ್ಟರ್.

ಅವಳು ತಲೆ ತಗ್ಗಿಸಿದಳು. ತಗ್ಗಿಸಿದ್ದಕ್ಕೇ ಕಂಡಿತು, ಅವರ ಬಲಗಾಲಿನ ಬೂಟು. ಪೆಡಲ್ಲೇ ಇಲ್ಲದ ಜಾಗದಲ್ಲಿ, ಹಿಮ್ಮಡಿ ಓರೆಯಾಗಿ ರಬ್ಬರ್ ಚಾಪೆಯನ್ನು ಮೆತ್ತಗೆ ಒತ್ತುತ್ತಿತ್ತು.

ಇವರೂ ಮೇಷ್ಟ್ರ ಶಿಷ್ಯರೇ.

ಮೂರನೆಯ ಗೆರೆ ಬಂತು. ಬ್ರೇಕ್ ತುಳಿದಳು. ಓರೆಗಣ್ಣಲ್ಲಿ ಬೂಟನ್ನು ನೋಡುತ್ತಿದ್ದವಳು, ಅದರ ಹಿಮ್ಮಡಿ ಚಾಪೆ ಒತ್ತಿದ ಕ್ಷಣಕ್ಕೇ, ಅದಕ್ಕೆ ಉಲ್ಟಾ, ತನ್ನದನ್ನು ಎತ್ತಿದಳು.

"ಆಫಾಯ್ತಲ್ಲ," ಎಂದರು ಇನ್‌ಸ್ಪೆಕ್ಟರ್.

"ಇಲ್ಲ ಸಾರ್. ಹೊಸ ವಾಲ್ವು, ತಾನೇ ಓಡುತ್ತೆ." ಅವರ ಬೂಟಿನ ಕಡೆ ನೋಡಿದಳು. "ನೀವೂ ಕಾಲು ತೆಗೀಬಹುದು ಸಾರ್."

ಅವರು ಕೆಳಗೆ ನೋಡಿದರು. ಬೂಟು ಸೀಟಿನಡಿಗೆ ಸರಿಯಿತು. ಎಂಜಿನ್ ಸಣ್ಣಗೆ ಗುನುಗುತ್ತಲೇ ಇತ್ತು.

"ಸಿಗ್ನಲ್ಲಲ್ಲಿ ನಿಂತಾಗೆಲ್ಲ ಯಾಕ್ರೀ ಗುರ್ ಅನ್ನಿಸ್ತೀರಿ ಅಂತ ನನ್ನ ಹೆಂಡತಿ ಎಂಟು ವರ್ಷದಿಂದ ಬೈತಿದಾಳೆ," ಎಂದರು ಮುಂದಿನ ಗಾಜಿಗೆ. "ಅವಳಿಗೆ ಡ್ರೈವಿಂಗ್ ಗೊತ್ತಿಲ್ಲ ಅಂದ್ಕೊಂಡಿದ್ದೆ."

ಎರಡೇ ಗೀಟುಗಳ ಕೆಳಗೆ ಸಹಿ ಮಾಡಲು ಪೆನ್ನಿನ ಮುಚ್ಚಳ ತೆಗೆದರು. ಕನ್ನಡಿಯಲ್ಲಿ, ಬೇಲಿಯ ಕಡೆಯಿಂದ ಮೇಷ್ಟ್ರು ಬರುತ್ತಿದ್ದರು. ಕಾರಿನ ಸದ್ದೇ ಕೇಳದೆ, ಆಫಾಯಿತೆಂದುಕೊಂಡು, ಅಂಗಿಯ ತೋಳು ಮಡಚುತ್ತಾ, ತಳ್ಳುವುದಕ್ಕೆ ಓಡಿಬರುತ್ತಿದ್ದರು.