ಮೂರನೆಯ ಕೊಕ್ಕೆ

ಮಾವ ತೀರಿಕೊಂಡ ನಲವತ್ತನೆಯ ದಿನ ಹತ್ತಿರ ಬಂದಿತ್ತು. ನಮ್ಮ ಊರು ಸ್ಲಿವೆನ್‌ನಲ್ಲಿ ಆ ದಿನಕ್ಕೆ ಸತ್ತವರ ಫೋಟೋ ಇರುವ ಹಾಳೆಯನ್ನು ಅಚ್ಚು ಹಾಕಿಸಿ ಕಟ್ಟಡದ ಬಾಗಿಲಿಗೆ ಅಂಟಿಸುತ್ತೇವೆ. ಕೆಳಗೆ ಮನೆಯವರ ಹೆಸರು. ಹೆಸರಿರುವ ಹೆಂಗಸು ವಿಧವೆಯನ್ನು ನೋಡಿಕೊಳ್ಳುವವಳು ಎಂದು ಬೀದಿ ಓದಿಕೊಳ್ಳುತ್ತದೆ. ಹೆಸರು ಹಾಕಿಸಿಕೊಂಡು ಊರು ಬಿಟ್ಟವಳನ್ನು ಅದು ಸುಮ್ಮನೆ ಬಿಡದು. ಗಂಡಸರಿಗೆ ಆ ಕಟ್ಟಿಲ್ಲ.

ನನ್ನ ಗಂಡ ಪ್ಲಾಮೆನ್ ಸ್ಪೇನಿಗೆ ಲಾರಿ ಓಡಿಸಲು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದಾನೆ. ಮಾವನ ಹೇಲು ಉಚ್ಚೆ ಬಾಚಿದವಳು ನಾನು. ಈಗ ಬುರ್ಗಾಸ್‌ನಲ್ಲಿ ಅಕ್ಕ ತನ್ನ ಬೇಕರಿಯಲ್ಲಿ ಕೆಲಸವನ್ನೂ, ನನಗೂ ಮಗಳು ರುಮಿಗೂ ಒಂದು ಕೋಣೆಯನ್ನೂ ಇಟ್ಟುಕೊಂಡು ಕಾದಿದ್ದಳು. ಸೋಮವಾರದವರೆಗೆ ಮಾತ್ರ.

"ಅತ್ತೆ, ನನ್ನ ಹೆಸರು ಬಿಟ್ಬಿಡಿ. ನಾವು ಹೊರಡ್ತೀವಿ."

ಅತ್ತೆ ಸ್ಟಾಮೆನಾ ಕನ್ನಡಕ ಮೇಲೇರಿಸಿದರು. ಹುಟ್ಟಿದ ತಾರೀಖು ಕೂಡಿ ಕಟ್ಟಡದವರಿಗೆಲ್ಲ ಭವಿಷ್ಯ ಹೇಳುವವರು ಅವರು.

"ಹದಿಮೂರಕ್ಕೆ ಹುಟ್ಟಿದವಳು ನೀನು. ಒಂದೂ ಮೂರೂ ನಾಲ್ಕು. ನಾಲ್ಕು ಅಂದ್ರೆ ನಾಲ್ಕು ಗೋಡೆ ಕಣೇ. ಎಲ್ಲಿಗೆ ಹೊರಡ್ತೀಯ?"

"ಬುರ್ಗಾಸ್‌ಗೆ."

"ಅಲ್ಲೂ ಇರೋದು ಗೋಡೆನೇ."

ಮಾವನ ತಮ್ಮ ಕೋಲ್ಯೊ ಎದುರಿಗೆ ಕೂತಿದ್ದರು. ನಿವೃತ್ತ ಭಾಷಾ ಮೇಷ್ಟ್ರು. ಹಾಳೆಗೆಂದು ಅತ್ತೆ ಬರೆದಿಟ್ಟ ಹೆಸರುಗಳನ್ನು ಅವರು ಓದಿದರು: ಸ್ಟಾಮೆನಾ, ಪ್ಲಾಮೆನ್, ರುಮಿ, ಮತ್ತು ನೆವೆನಾ. ಕೊನೆಯ ಹೆಸರು ನನ್ನದು. ಕೊನೆಯ ಅಲ್ಪವಿರಾಮವನ್ನು, ಅತ್ತೆಯ ಮಾತಿನಲ್ಲಿ ಕೊಕ್ಕೆಯನ್ನು, ಪರ್ರೆಂದು ಗೀಟೆಳೆದು ಹೊಡೆದುಹಾಕಿದರು.

"ಅತ್ತಿಗೆ, 'ಮತ್ತು' ಹಿಂದೆ ಇದು ಬರಲ್ಲ."

"ಬರ್ಲೇಬೇಕು. ನಿಮ್ಮಣ್ಣ ಹುಟ್ಟಿದ್ದು ಇಪ್ಪತ್ತೊಂದಕ್ಕೆ, ಅವರದು ಮೂರು. ಮೂರು ಕೊಕ್ಕೆ ಇಲ್ದಿದ್ರೆ ಆತ್ಮ ಅಲೆಯುತ್ತೆ."

"ಅಣ್ಣನೇನು ಅಂಗಿಯಾ, ಕೊಕ್ಕೆಗೆ ನೇತುಹಾಕೋಕೆ? ಬೀದೀಲಿ ಅರ್ಧ ಜನ ನನ್ನ ಶಿಷ್ಯರು. ಬಾಗಿಲಲ್ಲಿ ತಪ್ಪು ಅಂಟಿಸಿ ನನ್ನ ಮಾನ ಕಳೀತೀರಾ?"

"ನಿಮ್ಮ ವ್ಯಾಕರಣಾನ ಗೋರಿ ಮುಂದೆ ಹೋಗಿ ಒಪ್ಪಿಸಿ, ಮೇಷ್ಟ್ರೇ!"

"ನನ್ನ ಹೆಸರು ತೆಗೆದ್ರೆ ಜಗಳನೇ ಇರಲ್ಲ," ಎಂದೆ.

"ನಿನ್ನ ತೆಗೆದ್ರೆ ಉಳಿಯೋದು ಮೂರು ಹೆಸರು. ಮೂರನೇ ಕೊಕ್ಕೆ ಎಲ್ಲಿ ಹಾಕ್ಲಿ, ನನ್ನ ಮೂಗಿಗಾ?"

ಹಾಗಾದರೆ ಅವರಿಗೆ ಬೇಕಾದದ್ದು ಸೊಸೆಯಲ್ಲ, ಕೊಕ್ಕೆ ಹಾಕಲು ಒಂದು ಜಾಗ.

ಅಚ್ಚಿನ ಅಂಗಡಿ ಮಧ್ಯಾಹ್ನ ಮುಚ್ಚುತ್ತಿತ್ತು. ಅತ್ತಿಗೆ ಮೈದುನ ಯಾವತ್ತೂ ಒಂದು ಮಾತಿಗೆ ಒಪ್ಪಿದವರಲ್ಲ. ಇವತ್ತೂ ಒಪ್ಪದಿರಲಿ, ಹಾಳೆಯೇ ಅಚ್ಚಾಗದಿರಲಿ ಎಂದುಕೊಂಡು, ಪೂಜೆಗೆ ಬೇಯಿಸಿದ ಗೋಧಿಗೆ ಸಕ್ಕರೆ ಕಲಸುತ್ತ ಕೂತೆ.

ಕೋಲ್ಯೊ ಇದ್ದಕ್ಕಿದ್ದಂತೆ ಮೇಜು ಗುದ್ದಿದರು. "ತಾಳಿ! 'ಮತ್ತು' ತೆಗೀರಿ. ಒಂದೊಂದು ಹೆಸರಿಗೂ 'ಊ' ಹಚ್ಚಿ. ಆಗ ನಡುವೆ ಕೊಕ್ಕೆ ಹಾಕ್ಲೇಬೇಕು, ಅದೇ ನಿಯಮ."

ಬರೆದರು: ಸ್ಟಾಮೆನಾಳೂ, ಪ್ಲಾಮೆನನೂ, ರುಮಿಯೂ, ನೆವೆನಾಳೂ.

ಅತ್ತೆ ಬೆರಳಿಟ್ಟು ಎಣಿಸಿದರು. ಮೂರು. ಮೈದುನನ ಲೋಟಕ್ಕೆ ತಾವೇ ರಾಕಿಯಾ ಸಾರಾಯಿ ಸುರಿದರು. "ಅಂತೂ ನಿಮಗೂ ಬುದ್ಧಿ ಬಂತು."

ಇಬ್ಬರೂ ನಕ್ಕರು. ಆ ಮನೆಯಲ್ಲಿ ಅವರು ಒಟ್ಟಿಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಇನ್ನು ನನ್ನ ಹೆಸರು ಬೇಡ ಎನ್ನಲು ಅವರ ಜಗಳದ ಆಸರೆಯೂ ನನಗೆ ಉಳಿದಿರಲಿಲ್ಲ.

ಸಂಜೆ ಹಾಳೆ ಅಂಟಿಸಲು ನನ್ನನ್ನೇ ಕಳಿಸಿದರು. ಕೆಳಮನೆಯ ವೆಸ್ಕಾ ನಿಂತು ಓದಿದಳು.

"ಎಷ್ಟು ಚೆನ್ನಾಗಿ ಹೆಣೆದಿದ್ದೀರಿ! ನೀನಿದ್ದೀಯಲ್ಲ ನೆವೆನಾ, ಸ್ಟಾಮೆನಾಗೆ ಇನ್ನೇನು ಚಿಂತೆ."

ಮೆಟ್ಟಿಲ ಮೇಲೆ ಕೂತಿದ್ದ ರುಮಿ ಕೇಳಿದಳು: "ಅಮ್ಮಾ, ಬಸ್ಸು ಎಷ್ಟು ಹೊತ್ತಿಗೆ?"

ಉತ್ತರ ಕೊಡುವ ಮೊದಲೇ ಮೇಲಿನ ಕಿಟಕಿಯಿಂದ ಅತ್ತೆಯ ದನಿ ಬಂತು.

"ಮೂಲೆ ಸರಿಯಾಗಿ ಅಂಟಿತೇನೇ?"

ನನ್ನ ಹೆಸರಿದ್ದ ಮೂಲೆಯನ್ನು ಅಂಗೈಯಿಂದ ಒತ್ತಿ ಹಿಡಿದೆ.

"ಅಂಟಿತು, ಅತ್ತೆ."